ಎಡಗಡೆಯ ಬಾಡಿಗೆದಾರ

ಬೆಳಗಿನಿಂದ ಒಂದೂವರೆ ಲೀಟರು ನೀರು ಕುಡಿದು
ಬಾತ್‌ರೂಮಿಗೆ ಹೋಗುವಂತಿಲ್ಲವೆಂದು
ಕಾಲಿಗೆ ಕಾಲು ಹೆಣೆದು ಕೂತಿದ್ದಾಳೆ ಧನ್ವಿ
ಘುಬ್ರಾದ ಕ್ಲಿನಿಕ್ಕಿನ ನೀಲಿ ಕುರ್ಚಿಯಲ್ಲಿ.
ಟೋಕನ್ ನಲವತ್ತೇಳು. ಒಳಗಿನ್ನೂ ನಲವತ್ತೊಂದು.
"ನಗಿಸಬೇಡ ಪಪ್ಪ, ನಗಿಸಿದರೆ ಇಲ್ಲೇ ನೆರೆ."

ಅವಳು ಕುಡಿದದ್ದು ನಾನು ಕಾದ ನೀರು.
ಕಡಲಿನಿಂದ ಬಂದು, ಪೊರೆಯಿಂದ ಪೊರೆಗೆ ಹಾದು,
ಉಪ್ಪನ್ನು ಹಿಂದೆ ಬಿಟ್ಟು ನಲ್ಲಿಗೆ ಇಳಿದದ್ದು.
ರಾತ್ರಿ ಪಾಳಿಯಲ್ಲಿ ಗಂಟೆಗೊಮ್ಮೆ
ಒತ್ತಡ, ಬಿಸಿ, ಉಪ್ಪಿನಂಶ
ಲಾಗ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ.
ಮುಳ್ಳು ಅಲುಗದಿದ್ದರೆ ಅದು ಒಳ್ಳೆಯ ರಾತ್ರಿ.
ಅಲುಗದ ಮುಳ್ಳನ್ನೂ ಬರೆಯಲೇಬೇಕು.

ಹೊಟ್ಟೆನೋವೆಂದು ಅಪೆಂಡಿಕ್ಸ್ ಹುಡುಕಲು ಹೋದವರಿಗೆ
ಅಪೆಂಡಿಕ್ಸ್ ಸರಿಯಾಗಿಯೇ ಇತ್ತು.
ಎಡ ಮೂತ್ರಪಿಂಡದ ಮೇಲ್ತುದಿಯಲ್ಲಿ ಮಾತ್ರ
ಕರೇ ದುಂಡಗೆ ಒಂದು.
"ತೆಳು ಗೋಡೆ, ಒಳಗೆ ನೀರು, ಅಷ್ಟೇ" ಎಂದರು ಡಾಕ್ಟರ್ ಇದ್ರೀಸ್,
"ಏನೂ ಮಾಡುವುದಿಲ್ಲ. ನೋಡುತ್ತಿರೋಣ."
ಏನೂ ಮಾಡದಿರುವುದು ಇಷ್ಟು ಕಷ್ಟವೆಂದು
ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಕುಂದಾಪುರದಿಂದ ಚಿಕ್ಕಮ್ಮನ ಫೋನು:
"ಬಾಳಿದಿಂಡ್ ತಿನ್ಸ್, ಕಲ್ಲ್ ಕರ್ಗತ್ತ್."
ಕಲ್ಲಲ್ಲ ಚಿಕ್ಕಮ್ಮ, ನೀರು.
"ನೀರಾ? ನೀರಿಗ್ ಯಾರಾರೂ ಹೆದರ್ತ್ರಾ?"
ಹೆಂಡತಿ ಆ ರಾತ್ರಿ ಮೊಬೈಲಿನಲ್ಲಿ ಓದಿ ಓದಿ
ಎರಡು ಗಂಟೆಗೆ ದೀಪ ಹಾಕಿ
ಮಗಳ ಕಾಲಿನ ಬಾವು ನೋಡಿ ಬಂದಳು.
ಸೊಳ್ಳೆ ಕಚ್ಚಿತ್ತು.

ಧನ್ವಿ ಮಾತ್ರ ಅದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟಳು.
"ನಮ್ಮ ಬತಾಕಾ ಎರಡು ವರ್ಷಕ್ಕೊಮ್ಮೆ,
ಅವನದು ಆರು ತಿಂಗಳಿಗೊಮ್ಮೆ ರಿನ್ಯೂ.
ಪಾಪ, ಅವನಿಗೆ ಅರಬಾಬನೂ ಇಲ್ಲ."
ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಬಿಡಲಿಲ್ಲ. ಮೊಣಕೈ ಬೀಸುವವಳಿಗೆ
"ಎಡಗಡೆ ಬಿಟ್ಟು ಹೊಡಿ" ಎಂದು ಹೇಳಿದ್ದಾಳಂತೆ.
ನಾನು ದಿನಾ ಮುಖ ನೋಡುವುದನ್ನು ಕಂಡು ಒಮ್ಮೆ ರೇಗಿದಳು:
"ಪಪ್ಪ, ನನ್ನ ರೀಡಿಂಗ್ ತಗೋಬೇಡ. ನಾನು ಪಂಪಲ್ಲ."

ಈಗ ಮಾರಿಸೆಲ್ ತಣ್ಣನೆಯ ಜೆಲ್ ಸುರಿದು
"ಸಾರಿ ಸಾರಿ" ಎನ್ನುತ್ತ ಪಕ್ಕೆಯ ಮೇಲೆ ಒತ್ತುತ್ತಾಳೆ.
ಪರದೆಯಲ್ಲಿ ಬೂದಿ ಬಣ್ಣದ ಮರಳು, ಅದರಲ್ಲಿ ಒಂದು ಬಾವಿ.
ಎರಡು ಚುಕ್ಕೆ ಇಟ್ಟು ನಡುವೆ ಗೆರೆ ಎಳೆಯುತ್ತಾಳೆ.
ಧನ್ವಿ ಪರದೆ ನೋಡುವುದಿಲ್ಲ. ನನ್ನನ್ನು ನೋಡುತ್ತಾಳೆ.
ಹನ್ನೊಂದು ವರ್ಷ ಮೀಟರಿನ ಮುಂದೆ ಕೂತು ಕಲಿತ
ಏನೂ ಹೇಳದ ಮುಖವನ್ನು ಹಾಕಿಕೊಂಡು ನಿಂತಿದ್ದೇನೆ.

ಇಪ್ಪತ್ತೊಂದು ಮಿಲಿಮೀಟರು.
ಹಿಂದಿನ ಸಲ ಇಪ್ಪತ್ತೊಂದು, ಅದರ ಹಿಂದೆ ಇಪ್ಪತ್ತು.
"ಒಂದು ಮಿಲಿಮೀಟರು ಅಳೆಯುವ ಕೈಯದು" ಎಂದರು ಡಾಕ್ಟರು.
"ಬಿ.ಪಿ. ಸರಿ, ಮೂತ್ರ ಸರಿ. ಇನ್ನು ವರ್ಷಕ್ಕೊಮ್ಮೆ ಸಾಕು."
ಅವಳು ಆ ಮಾತು ಕೇಳಲು ಅಲ್ಲಿರಲಿಲ್ಲ,
ಕಾರಿಡಾರಿನ ಕೊನೆಯ ಬಾಗಿಲಿಗೆ ಓಡಿದ್ದಳು.

ರಾತ್ರಿ ಫೈಲಿನಲ್ಲಿ ಕಾಗದ ಸೇರಿಸುವಾಗ
ಇಷ್ಟು ದಿನ ಬೆರಳು ನಿಲ್ಲದ ಸಾಲೊಂದು ಕಂಡಿತು:
ಎಡ ಮೂತ್ರಪಿಂಡದ ಉದ್ದ.
ಒಂಬತ್ತು ಪಾಯಿಂಟ್ ಆರು. ಒಂಬತ್ತು ಪಾಯಿಂಟ್ ಒಂಬತ್ತು.
ಹತ್ತು ಪಾಯಿಂಟ್ ಮೂರು.

ಅಜೈಬಾದ ಈ ಫ್ಲಾಟಿನ ಗೋಡೆಗೆ
ಪೆನ್ಸಿಲ್ ತಾಗಿಸುವಂತಿಲ್ಲ, ಖಲ್ಫಾನರಲ್ಲಿ ಡಿಪಾಸಿಟ್ಟಿದೆ.
ಮಗಳು ಬೆಳೆದ ಗೆರೆ ಯಾವ ಬಾಗಿಲಲ್ಲೂ ಇಲ್ಲ
ಎಂದು ಇವಳು ಕೊರಗುವುದಿತ್ತು.
ಕರೆದು ತೋರಿಸಿದೆ. ಕನ್ನಡಕ ಹುಡುಕಿ ತಂದು ಓದಿದಳು,
ಇನ್ನೊಮ್ಮೆ ಓದಿದಳು.

ಆಚೆ ಕೋಣೆಯಿಂದ ಕೂಗು:
"ಅಮ್ಮಾ, ಫ್ರಿಜ್ಜಿನಲ್ಲಿ ನೀರಿಲ್ಲ!"