ಮೂರು ಮಾತ್ರೆ

ಹಾಥರಸಿನಲ್ಲಿ ಇಂಗು ಬೆಳೆಯುವುದಿಲ್ಲ.
ಕಾಬೂಲಿನ ಕಡೆಯಿಂದ ಚೀಲದಲ್ಲಿ ಬಂದು
ಇಲ್ಲಿ ಮೈದಾಹಿಟ್ಟು, ಗೋಂದಿನ ಜೊತೆ ಹದಗೊಂಡು
ಡಬ್ಬಿ ಸೇರುತ್ತದೆ.
ಒಂದು ಪೆಟ್ಟಿಗೆಗೆ ಇಪ್ಪತ್ನಾಲ್ಕು ಡಬ್ಬಿ.
ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದಾಳೆ ಕಟೋರಿ ದೇವಿ;
ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸದಾ ಖಾಲಿ.

ಪುಸ್ತಕ ಸಿಕ್ಕಿದ್ದು ರದ್ದಿಯಲ್ಲಿ.
ರಟ್ಟಿಲ್ಲ, ಹೆಸರಿಲ್ಲ, ಮೊದಲ ಹದಿನಾರು ಪುಟವಿಲ್ಲ,
ಬರೆದವನಾರೋ, ಯಾವ ರಾಜನ ಉಪ್ಪು ತಿಂದವನೋ.
ಎರಡು ಸಾಲು, ಬಿಳಿ ಜಾಗ,
ಮತ್ತೆ ಎರಡು ಸಾಲು.
ಮೊದಲ ದಿನ ನೋಡಿದಳು
ಇಂಗು ತಿಂದ ಮಂಗನ ಹಾಗೆ.

ಹಿಂದಿ ಕವಿತೆಯೆಂದರೆ ಅವಳಿಗೆ ವಾರ್ಷ್ಣೇಯ ಮಾಸ್ತರು:
‘ಸಂದರ್ಭ ಸಹಿತ ವಿವರಿಸಿರಿ’, ಐದು ಅಂಕ,
ಎರಡು ಸಿಕ್ಕರೆ ಪುಣ್ಯ.
ಒಮ್ಮೆ ಪ್ರಬಂಧದಲ್ಲಿ ‘ಮೋಕೋ’ ಅಂತ ಬರೆದಿದ್ದಳು,
ಅಜ್ಜಿ ಅನ್ನುವ ಹಾಗೆ, ‘ನನಗೆ’ ಅನ್ನಲು.
ಮಾಸ್ತರು ಅದಕ್ಕೆ ಕೆಂಪಿನಲ್ಲಿ ಸುತ್ತು ಹಾಕಿ
ಇಡೀ ತರಗತಿಗೆ ಓದಿದರು.
‘ಮುಝೆ’ ಅನ್ನು. ಇದು ಎಮ್ಮೆ ಕಾಯುವವರ ಮಾತು.
ಹುಡುಗರು ಎಮ್ಮೆಯ ಹಾಗೆ ಕೂಗಿದರು.
ಅಂದಿನಿಂದ ಅವಳದು ಶುದ್ಧ ಭಾಷೆ,
ಅಂದರೆ ಹೆಚ್ಚಾಗಿ ಮೌನ.

ಈಗ ಮೂವತ್ತೊಂದನೆಯ ಪುಟದಲ್ಲಿ
ಮುತ್ತಿನ ಸರ ತೊಟ್ಟ ಯಾವಳೋ ರಾಣಿ
ಕಂಬಕ್ಕೊರಗಿ ಅನ್ನುತ್ತಾಳೆ: ಮೋಕೋ.
ಕಟೋರಿ ಮತ್ತೆ ಓದಿದಳು.
ಅಚ್ಚಾಗಿದೆ. ಕಪ್ಪು ಮಸಿಯಲ್ಲಿ. ಸುತ್ತು ಇಲ್ಲ.
ಬಾಯಿಗೆ ಕೈ ಅಡ್ಡ ಹಿಡಿದಳು, ನಗು ತಡೆಯಲೋ,
ಇನ್ನೇನನ್ನೋ.
ನೂರಾರು ವರ್ಷದ ಹಿಂದಿನ ಅರಮನೆಯಲ್ಲಿ
ಅಜ್ಜಿಯ ದನಿ ಓಡಾಡುತ್ತಿದೆ,
ಬೈಗುಳದ ಸಮೇತ.

ಲೆಕ್ಕ ಹೇಳಿಕೊಟ್ಟವರು ಮುನೀಮ ದ್ವಾರಿಕಾ.
ರಕ್ತದೊತ್ತಡದ ಮಾತ್ರೆ ನುಂಗಿ, ನೀರು ಕುಡಿದು, ಅಂದರು:
ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದದ್ದಕ್ಕೆ ಎರಡು.
ಹದಿಮೂರಾದ ಮೇಲೆ ಉಸಿರು, ಆಮೇಲೆ ಹನ್ನೊಂದು.
ಕೂಡಿಸಿದರೆ?
ಇಪ್ಪತ್ನಾಲ್ಕು, ಅಂದಳು. ಒಂದು ಪೆಟ್ಟಿಗೆ!
ಮುನೀಮರು ಕನ್ನಡಕ ತೆಗೆದು ನಕ್ಕರು.

ಅಂದಿನಿಂದ ಹದಿಮೂರು ಡಬ್ಬಿ ಇಟ್ಟು ತುಸು ನಿಲ್ಲುತ್ತಾಳೆ.
ಏನಾಯ್ತೇ, ಸೊಂಟ ಹಿಡೀತಾ? ಪಕ್ಕದ ಅಂಗೂರಿ ಕೇಳುತ್ತಾಳೆ.
ಉಸಿರು, ಅನ್ನುತ್ತಾಳೆ; ಮತ್ತೆ ಹನ್ನೊಂದು.
ಎಲ್ಲ ತಿಳಿಯುತ್ತದೆಂದಲ್ಲ. ಕಮಲದ ಕಣ್ಣು, ಸಿಂಹದ ನಡು
ನಾಲ್ಕನೆಯ ಸಲ ಬಂದಾಗ ಆಕಳಿಕೆ.
ಆಮೇಲೆ ತಟ್ಟನೆ ಒಂದು ಸಾಲಿನಲ್ಲಿ
ಬೆಣ್ಣೆ ಮೆತ್ತಿದ ಕೈಯವಳು
ಕಣ್ಣಿಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸುತ್ತಾಳೆ.
ಅಷ್ಟೇ. ಬೇರೇನೂ ಆಗುವುದಿಲ್ಲ.
ಗೋಂದು ಮೆತ್ತಿದ ಕೈಯ ಕಟೋರಿ
ತನ್ನ ಮೊಣಕೈ ನೋಡಿಕೊಂಡಳು.

ತೊಂಬತ್ತನೆಯ ಪುಟದ ಮೂಲೆಯನ್ನು ಹುಳು ತಿಂದಿದೆ.
ಹೊರಟವನನ್ನು ಒಬ್ಬಳು ತಡೆಯುತ್ತಾಳೆ:
ದೀಪದಲ್ಲಿ ಉಳಿದಿರುವ ಬತ್ತಿ ಏಕ,
ಎಣ್ಣೆ ತೀರುವ ತನಕ ನಿಲ್ಲು...
ಆಮೇಲೆ ತೂತು.
ಬೆರಳ ಗೆಣ್ಣಿನಲ್ಲಿ ಎಣಿಸಿದಳು. ಮೂರು ಮಾತ್ರೆ ಕಮ್ಮಿ.
ಮೇಲಿನ ‘ಏಕ’ಕ್ಕೆ ಪ್ರಾಸವೂ ಕೂಡಬೇಕು.
ಮೂರು ದಿನ ಹುಡುಕಿದಳು. ವಿವೇಕ? ಒಂದು ಹೆಚ್ಚು.
ಟೇಕ? ಅಳತೆ ಸರಿ. ಆದರೆ ಹಟ ಅನ್ನುವ ಮಾತು
ಅಲ್ಲಿ ಅಕ್ಕಿಯೊಳಗಿನ ಕಲ್ಲು.

ನಾಲ್ಕನೆಯ ದಿನ, ಹಿಟ್ಟು ಜರಡಿಯಾಡುವಾಗ,
ಮದುವೆಯಾಗಿ ಟ್ರ್ಯಾಕ್ಟರ್ ಹತ್ತಿದ ಬೆಳಗು ನೆನಪಾಯಿತು.
ಎಲ್ಲರಿಗೂ ಅವಸರ. ಅಜ್ಜಿ ಮಾತ್ರ
ಬಟ್ಟೆಯಲ್ಲಿ ರೊಟ್ಟಿ, ಬೆಲ್ಲ ಕಟ್ಟುತ್ತ,
ಗಂಟು ಸರಿಯಿಲ್ಲವೆಂದು ಮತ್ತೆ ಬಿಚ್ಚುತ್ತ,
ಡ್ರೈವರನಿಗೆ ಕೂಗುತ್ತಿದ್ದಾಳೆ: ನಿಲ್ಲೋ, ನೇಕ!
ನೇಕ. ಒಂಚೂರು.
ಎರಡು, ಒಂದು. ಮೂರು.

ಪೆನ್ಸಿಲ್ ತಂದಳು. ಕೂಡಲೇ ಬರೆಯಲಿಲ್ಲ.
ಕವಿಯದು ಬೇರೆಯೇ ಪದವಿದ್ದೀತು, ಇದಕ್ಕಿಂತ ಚೆಂದದ್ದು;
ತಿಂದ ಹುಳುವಿಗಷ್ಟೇ ಗೊತ್ತು.
ಮಧ್ಯಾಹ್ನದ ಸೈರನ್ ಆಯಿತು. ಊಟಕ್ಕೆ ಬಾ, ಅಂಗೂರಿ ಕರೆದಳು.
ಕಟೋರಿ ತಲೆಯೆತ್ತದೆ ಅಂದಳು:
ನೇಕ.
ಅವಳ ಬೆರಳಿನ ಇಂಗು
ಪುಟದೊಳಕ್ಕೆ ಇಂಗುತ್ತಿತ್ತು.