ಐದನೇ ಕಪ್ಲಿಂಗು

ಮೊದಲ ಸಲ ಬಂದಾಗ ಹಳದಪ್ಪ
ಮಂಡಕ್ಕಿ ಪೊಟ್ಟಣ ಬಿಚ್ಚುವ ಹಾಗೆ ಪೇಪರು ಬಿಚ್ಚಿದ.
ಒಳಗೆ ಎರಡು ತುಂಡು, ಅಂಚು ಕಪ್ಪು, ಮುರಿದಲ್ಲಿ ಹೊಳಪು.
'ಸೂಳೆಕೆರೆ ದೋಣೀದು' ಅಂದ. ನಾನು ನಕ್ಕೆ.
ದಾವಣಗೆರೆಯಲ್ಲಿ ನನ್ನ ಲೇತಿಗೆ
ಅಕ್ಕಿ ಮಿಲ್ಲಿನ ರಾಟೆ ಬರುತ್ತದೆ, ಬೋರಿನ ಪಂಪು ಬರುತ್ತದೆ,
ಟ್ರ್ಯಾಕ್ಟರಿನ ಒಂದೊಂದು ಎಲುಬೂ ಬರುತ್ತದೆ.
ಹಾಯಿದೋಣಿ ಬಂದದ್ದು ಅದೇ ಮೊದಲು.

ಕಾರವಾರದ ಹರಾಜಿನಲ್ಲಿ ಹಿಡಿದದ್ದಂತೆ,
ಲಾರಿ ಮೇಲೆ ಮಲಗಿಸಿ ಘಟ್ಟ ಹತ್ತಿಸಿದ್ದಂತೆ.
ಗಾಳಿಯಿದ್ದರೆ ಹಾಯಿ,
ಇಲ್ಲದ ದಿನಕ್ಕೆ ಹೊಟ್ಟೆಯೊಳಗೊಂದು ಡೀಸೆಲ್ ಇಂಜಿನ್ನು,
ಇಂಜಿನ್ನಿಗೂ ನೀರಿನ ಪಂಕದ ದಂಡಕ್ಕೂ ಗಂಟು ಹಾಕಲು
ಅಂಗೈಯಗಲದ ಈ ಕಪ್ಲಿಂಗು.
ಭಾನುವಾರ ಜನ ತುಂಬಿಕೊಂಡು ಕೆರೆಯ ನಡುವೆ ಹೋದರೆ
ಟಣ್.
ಇಂಜಿನ್ನು ಓಡುತ್ತಲೇ ಇರುತ್ತದೆ,
ದೋಣಿ ನಿಂತಿರುತ್ತದೆ.

ಎರಡನೆಯದನ್ನು ದಪ್ಪ ಮಾಡಿದೆ. ಮುರಿಯಿತು.
ಮೂರನೆಯದಕ್ಕೆ ಇಎನ್ ಎಂಟು ಉಕ್ಕು. ಮುರಿಯಲಿಲ್ಲ;
ಅದರ ಬದಲು ಗೇರುಪೆಟ್ಟಿಗೆಯ ಸೀಲು ಹರಿದು ಎಣ್ಣೆಯೆಲ್ಲ ಚೆಲ್ಲಿತು,
ಒಬ್ಬನ ಬಾಯಿ ಮುಚ್ಚಿಸಿದರೆ
ಪಕ್ಕದವನು ಕಿರುಚಿದ ಹಾಗೆ.
ನಾಲ್ಕನೆಯದರ ನಡುವೆ ರಬ್ಬರಿಟ್ಟೆ.
ಹದಿನೈದು ದಿನಕ್ಕೆ ಕಾಡಿಗೆಯಾಗಿ ಉದುರಿತು.

ನಮ್ಮಪ್ಪ ಹತ್ತಿಗಿರಣಿಯಲ್ಲಿ ಫಿಟ್ಟರು.
ದಾರ ಕಟ್ಟಿ, ಒಂದು ಕಣ್ಣು ಮುಚ್ಚಿ,
ಮೂವತ್ತಡಿ ದಂಡವನ್ನು ಕೂದಲೆಳೆಗೆ ಕೂಡಿಸುತ್ತಿದ್ದ.
ಮುರಿದದ್ದನ್ನು ಬೈಯಬೇಡ, ಅದು ಬರೀ ಸಾಕ್ಷಿ, ಅನ್ನುತ್ತಿದ್ದ.
ಸರಿಯೇ. ಆದರೆ ಅವನ ಗಿರಣಿಗೆ ನೆಲವಿತ್ತು.

ನಾನೂ ಅಳೆಯದೆ ಬಿಟ್ಟವನಲ್ಲ.
ದೋಣಿಯನ್ನು ದಂಡೆಗೆಳೆಸಿ, ಮರದ ದಿಮ್ಮಿಗಳ ಮೇಲೆ ಕೂರಿಸಿ,
ಮೂರು ಸಲವೂ ಅಳೆದಿದ್ದೆ:
ಎರಡು ಮುಖಗಳ ನಡುವೆ ಸುತ್ತಲೂ ಒಂದೇ ಸಂದು,
ಬ್ಲೇಡು ತೂರಲಾರದಷ್ಟು.

ಐದನೇ ಸಲ ಹಳದಪ್ಪನ ಜೊತೆ ಅವನ ತಂಗಿ ಬಂದಳು, ಚೌಡವ್ವ.
ಚುಕ್ಕಾಣಿ ಅವಳದೇ.
ಲೇತಿನ ಸುರುಳಿ ಚೂರುಗಳನ್ನು ಕಾಲಿಂದ ಸರಿಸುತ್ತ,
'ಒಂದ್ ಮಾತ್ರೀ ಮೇಸ್ತ್ರಿ' ಅಂದಳು,
'ನೀರಿಗೆ ಬಿಟ್ರೆ ದೋಣಿ ಒಳಗಿನ ಬಾಗ್ಲು ಹಾಕಾಕೆ ಬರಲ್ಲ.
ದಂಡಿಗೆ ತಂದ್ರೆ ತಾನೇ ಕುಂದ್ರುತ್ತೆ. ಯಾಕ್ರಿ?'

ನಾನು ಮೋಟಾರು ಆಫ್ ಮಾಡಿದೆ.
ಚಕ್ಕು ತಿರುಗಿ ತಿರುಗಿ ನಿಲ್ಲುವ ತನಕ
ಯಾರೂ ಮಾತಾಡಲಿಲ್ಲ.

ಅವತ್ತೇ ದೋಣಿ ನೀರಿಗಿಳಿಸಿದೆವು.
ಹಾಯಿಕಂಬದ ತಂತಿಗಳನ್ನು ಬಿಗಿದು,
ಲಂಗರು, ನೀರಿನ ಡ್ರಮ್ಮು, ಚೌಡವ್ವನ ಸ್ಟವ್ವು ಕೂಡ ಇದ್ದಲ್ಲೇ ಇಟ್ಟು,
ಒಂದು ರಾತ್ರಿ ಸುಮ್ಮನೆ ಬಿಟ್ಟೆವು,
ಮೈ ಸಡಿಲಿಸಿ ತನ್ನ ಹಾಗೆ ತಾನು ಕೂರಲಿ ಎಂದು.
ಬೆಳಿಗ್ಗೆ ಬೋಲ್ಟು ಬಿಚ್ಚಿ ಟಾರ್ಚು ಹಿಡಿದರೆ
ಎರಡು ಮುಖಗಳು ಒಂದನ್ನೊಂದು ನೋಡುತ್ತಿರಲಿಲ್ಲ.
ಕೆಳಗೆ ಬ್ಲೇಡು ತೂರದು,
ಮೇಲೆ ಹತ್ತು ರೂಪಾಯಿ ನಾಣ್ಯವೇ ಹೋಗುತ್ತದೆ.
ಇಂಜಿನ್ನಿನ ಮುಂದಿನ ಎಡಗಾಲಿನ ರಬ್ಬರು ಬೇರೆ
ಎಣ್ಣೆ ಕುಡಿದು ಕುಸಿದಿತ್ತು.

ಮಂಡಿ ಎದೆಗೆ ತಾಗಿಸಿ ಕೂತು
ನಟ್ಟು ಅರ್ಧ ಸುತ್ತು, ಆಮೇಲೆ ಕಾಲು ಸುತ್ತು,
ದಂಡವನ್ನು ಕೈಯಲ್ಲೇ ತಿರುಗಿಸಿ ಮತ್ತೆ ಬ್ಲೇಡು.
ಅಲೆ ಬಂದಾಗ ಅಳತೆ, ಅಳೆಯುವ ಕೈ, ಕೈಯ ಮೇಲಿನ ಕಣ್ಣು
ಎಲ್ಲ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು.
ಮಧ್ಯಾಹ್ನದ ಹೊತ್ತಿಗೆ ಬಾಗಿಲು ಇನ್ನೂ ಹಾಕಲು ಬರುತ್ತಿರಲಿಲ್ಲ.
ಕಪ್ಲಿಂಗು ಕೂತಿತ್ತು.

ಐದನೆಯದು ಹಳೇ ಮಾದರಿಯೇ, ಮೆತ್ತನೆಯ ಉಕ್ಕು.
ಏಳು ತಿಂಗಳಾಯಿತು, ಹಳದಪ್ಪ ಬಂದಿಲ್ಲ.
ಬಂದರೆ ನಾನು ಸೋತೆ, ಬಾರದಿದ್ದರೆ ಒಬ್ಬ ಗಿರಾಕಿ ಕಮ್ಮಿ.
ಮುರಿಯದ ಆ ಮೂರನೆಯದು
ಬಿಲ್ಲುಗಳ ಮೇಲೆ ಕೂತಿದೆ,
ಫ್ಯಾನು ಎಷ್ಟು ತಿರುಗಿದರೂ ಒಂದು ಹಾಳೆ ಅಲುಗದು.
ಅಷ್ಟು ಗಟ್ಟಿ.

ಈಗ ಯಾರು ಏನು ಮುರಿದು ತಂದರೂ
ಕ್ಯಾಲಿಪರಿಗೆ ಕೈ ಹಾಕುವ ಮುಂಚೆ ಕೇಳಿಬಿಡುತ್ತೇನೆ,
'ಬಾಗ್ಲು ಹಾಕಾಕೆ ಬರುತ್ತಾ?'
ಅಕ್ಕಿ ಮಿಲ್ಲಿನವರು
ಮುಖ ಮುಖ ನೋಡಿಕೊಳ್ಳುತ್ತಾರೆ.