ಅರ್ಧ ಆಲೂಗಡ್ಡೆ

ಲೈಡನ್ನಿನ ಆಸ್ಪತ್ರೆ ಕೊಟ್ಟ ಡಬ್ಬಿ
ಖಾಲಿ ಚಪ್ಪಲಿ ಡಬ್ಬಿಯಷ್ಟು ಹಗುರ.
ಒಳಗೆ ನಾಲ್ಕು ದಿನದ ಊಟ:
ಸೂಪಿನ ಪುಡಿ, ಚಹಾದ ಚೀಲ, ನಂಬರು ಹಚ್ಚಿದ ಪೊಟ್ಟಣ.
"ಕೀಮೋಗೆ ಮೂರು ದಿನ ಮೊದಲು, ಆ ದಿನವೂ ಸೇರಿ.
ಇದಿಷ್ಟೇ, ಹೂಕ್‌ಸ್ಟ್ರಾ ಅಮ್ಮ, ಬೇರೇನೂ ಇಲ್ಲ"
ಎಂದಳು ನರ್ಸ್ ಫೆಮ್ಕೆ.

ಬೇರೇನೂ ಇಲ್ಲ ಎಂಬುದನ್ನು
ನಗುತ್ತಾ ಹೇಳಬಲ್ಲ ವಯಸ್ಸು ಅವಳದು.

ಚೀಟಿ ಎತ್ತಿದ ಹಾಗೆ ಕಂಪ್ಯೂಟರು ನಮ್ಮನ್ನು ಪಾಲು ಮಾಡಿತ್ತು,
ಉಣ್ಣುವವರು ಅರ್ಧ, ಉಪವಾಸದವರು ಅರ್ಧ.
ನನಗೆ ಬಂದದ್ದು ಉಪವಾಸ. ನೋಡಿ, ಬಿಟ್ಟರೂ ಬಿಡದು.

ಡಾಕ್ಟರು ಹಾಳೆಯ ಮೇಲೆ ಎರಡು ಸೊನ್ನೆ ಬರೆದರು.
ಇದು ಒಳ್ಳೆಯ ಕಣ. ಕೂಳು ಸಿಗದಿದ್ದರೆ
ಬಾಗಿಲು ಹಾಕಿ, ದೀಪ ಆರಿಸಿ, ಮುದುಡಿ ಕೂರುತ್ತದೆ,
ಔಷಧಿಯ ವಿಷ ಅದನ್ನು ಅಷ್ಟಾಗಿ ತಾಕುವುದಿಲ್ಲ.
ಇದು ಕೆಟ್ಟದ್ದು. ಇದಕ್ಕೆ ಸುಮ್ಮನಿರಲು ಬಾರದು.
"ಹಾಗಂತ ಅಂದುಕೊಂಡಿದ್ದೇವೆ, ಇನ್ನೂ ತಿಳಿಯಬೇಕು"
ಎಂದರು, ಪೆನ್ನಿನ ಮುಚ್ಚಳ ಹಾಕುತ್ತಾ.
ಆ ಒಂದು ಮಾತಿಗೇ ನಾನು ಸಹಿ ಮಾಡಿದ್ದು.

ಬಾಗಿಲು ಹಾಕಿ, ದೀಪ ಆರಿಸಿ ಕೂತು ಗೊತ್ತು ನನಗೆ.
ನಲವತ್ತನಾಲ್ಕರ ಚಳಿಗಾಲ.
ನನಗೆ ಐದು, ತಮ್ಮ ಶೂರ್ಡ್‌ಗೆ ಎರಡು.
ಅಮ್ಮ ರೊಟ್ಟಿಯನ್ನು ದಾರದಲ್ಲಿ ಕೊಯ್ಯುತ್ತಿದ್ದಳು,
ಚಾಕುವಿಗೆ ಚೂರು ಮೆತ್ತಿಕೊಂಡೀತೆಂದು.
ರೊಟ್ಟಿಯೂ ಮುಗಿದ ಮೇಲೆ ಟ್ಯೂಲಿಪ್ ಗೆಡ್ಡೆ.
ನಡುವಿನ ಹಳದಿ ಮೊಳಕೆ ವಿಷ ಎಂದು ಕಿತ್ತೆಸೆದು
ಉಳಿದದ್ದನ್ನು ಬೇಯಿಸಿ, ಹಿಸುಕಿ, ಉಪ್ಪಿಲ್ಲದೆ.
ಹಸಿವು ರುಚಿ ಅರಿಯದು ಎನ್ನುತ್ತಾರೆ.
ಸುಳ್ಳು. ಅರಿಯುತ್ತದೆ,
ಎಪ್ಪತ್ತು ವರ್ಷ ನೆನಪೂ ಇಟ್ಟುಕೊಳ್ಳುತ್ತದೆ.

ಫೆಬ್ರವರಿಯಲ್ಲಿ ಶೂರ್ಡ್ ಅಳುವುದನ್ನು ನಿಲ್ಲಿಸಿದ.
ಹುಷಾರಾದ ಎಂದುಕೊಂಡೆ.

ಅಂದಿನಿಂದ ನನ್ನ ಕೋಟಿನ ಜೇಬಿನಲ್ಲಿ
ಒಂದು ಬಿಸ್ಕತ್ತು ಇಲ್ಲದ ದಿನವಿಲ್ಲ,
ಮದುವೆಯ ದಿನ, ಗಂಡನನ್ನು ಮಣ್ಣು ಮಾಡಿದ ದಿನ ಕೂಡ.
ಅದನ್ನು ಮೊನ್ನೆ ತೆಗೆದು ಪಕ್ಕದ ಮನೆಯ ರೂಸ್‌ಗೆ ಕೊಟ್ಟೆ,
ನಾಲ್ಕು ದಿನ ಇಟ್ಟುಕೊಂಡಿರು ಎಂದು.
ಅವಳು ಅಲ್ಲೇ ತಿಂದಳು.

ಮೊದಲ ದಿನ ಸರಿ ಹೋಯಿತು.
ಎರಡನೆಯ ದಿನ ಹೊಟ್ಟೆ ತಾಳ ಹಾಕಿತು, ತಲೆ ಸಿಡಿಯಿತು,
ಕಿಟಕಿಯಾಚೆ ಯಾರೋ ಸೈಕಲ್ಲಿನ ಮೇಲೆ
ಹುರಿದ ಮೀನು ತಿನ್ನುತ್ತಾ ಹೋದರು. ಬೈದೆ, ಗಟ್ಟಿಯಾಗಿ.
ಮೂರನೆಯ ರಾತ್ರಿ, ವಿಚಿತ್ರ, ಹಸಿವೇ ಇರಲಿಲ್ಲ.
ಹೆದರಿಕೆಯಾದದ್ದು ಆಗ.
ಹಸಿವು ಸುಮ್ಮನಾದರೆ ಏನಾಗುತ್ತದೆಂದು ಕಂಡವಳು ನಾನು.
ಎರಡು ಗಂಟೆಗೆ ಎದ್ದು ಒಂದು ಆಲೂಗಡ್ಡೆ ಬೇಯಿಸಿದೆ.

ಬೆಳಿಗ್ಗೆ ಫೆಮ್ಕೆ ತೂಕ ನೋಡಿದಳು, ನನ್ನ ದಿನಚರಿ ಓದಿದಳು.
ಕೆಂಪು ಔಷಧಿ ಕೊಳವೆಯಲ್ಲಿ ಇಳಿಯತೊಡಗಿತ್ತು.
"ಅರ್ಧ ಆಲೂಗಡ್ಡೆ" ಎಂದು ಬರೆದುಕೊಂಡಳು,
ಬೈಯಲಿಲ್ಲ. ಎಷ್ಟು ಗ್ರಾಂ ಎಂದಷ್ಟೇ ಕೇಳಿದಳು.
ಆಮೇಲೆ, ಪೆನ್ನು ಜೇಬಿಗಿಟ್ಟು, ಮೆಲ್ಲಗೆ,
"ಇನ್ನರ್ಧ?"

ಎರಡನೆಯ ತಟ್ಟೆಯಲ್ಲಿದೆ, ಎಂದೆ.